ಕಾಲುಚೀಲದ ಬೀಜ

ಲೋರ್ನಾ ಟೀಗ್ ಸುಮ್ಮನೆ ಕೂತದ್ದನ್ನು ಬರ್ನ್ಸ್ ಊರಿನಲ್ಲಿ ಯಾರೂ ಕಂಡವರಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮರುವಾರವೇ ತೊಗಲಿನ ಕೈಗವಸು ಹಾಕಿಕೊಂಡು ಬೇಲಿ ಕೀಳುವವರ ಗುಂಪಿಗೆ ಸೇರಿದಳು.

ಕೆಟಲ್ ಬಯಲು ಯಾರಪ್ಪನ ಆಸ್ತಿಯೂ ಅಲ್ಲ. ಸರ್ಕಾರದ್ದು, ಅಂದರೆ ಎಲ್ಲರದ್ದು. ಎಲ್ಲರದ್ದು ಅಂದಮೇಲೆ ಯಾರೂ ನೋಡಿಕೊಳ್ಳುವುದಿಲ್ಲ ಎನ್ನುವುದು ಎಲ್ಲ ಕಡೆಯ ಕತೆ. ಇಲ್ಲಿ ಮಾತ್ರ ಹದಿನೈದು ಜನ ಹಟಮಾರಿಗಳಿದ್ದರು. ಬಯಲಿನ ಬೂದುಬಣ್ಣದ ಕುರುಚಲು ಸೇಜ್ ಪೊದೆಗಳ ನಡುವೆ ಹನ್ನೊಂದು ಮೈಲಿ ಹಳೆಯ ಮುಳ್ಳುತಂತಿ ನಿಂತಿತ್ತು. ಏಪ್ರಿಲ್ ತಿಂಗಳಲ್ಲಿ ಬೆಳಗಿನ ಜಾವ ಜೊತೆಗಾಗಿ ಕುಣಿಯಲು ಬರುವ ಕಾಡು ಸೇಜ್‌ಕೋಳಿಗಳು ತಗ್ಗಾಗಿ ಹಾರಿಬಂದು ಅದಕ್ಕೆ ಬಡಿದು ಕತ್ತು ಮುರಿದುಕೊಳ್ಳುತ್ತಿದ್ದವು. ಆ ಪೊದೆ ಬಿಟ್ಟರೆ ಅವಕ್ಕೆ ಬೇರೆ ಮನೆಯಿಲ್ಲ, ಚಳಿಗಾಲಕ್ಕೆ ಬೇರೆ ಊಟವೂ ಇಲ್ಲ. ಅವು ಉಳಿಯಬೇಕು, ಲೋರ್ನಾಳಿಗೆ ಬೇಕಾಗಿದ್ದದ್ದು ಅಷ್ಟೇ.

ಬೇಲಿ ಹಾಕಿದವನ ಮಗ ಇನ್ಯಾಕಿ ಗೊಯ್ರಿ. ಅವನ ದನಗಳು ಆ ಬಯಲು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಮೊದಲ ದಿನ ಬೈಯಲೆಂದೇ ಬಂದ.

"ನಮ್ಮಪ್ಪ ಬೆವರು ಸುರ್ಸಿ ನಿಲ್ಸಿದ್ ಬೇಲಿ ಕಣಮ್ಮ ಇದು. ಯಾವ್ದೋ ಕೋಳಿಗೋಸ್ಕರ ಕಿತ್ತಾಕ್ತೀರಾ?"

"ನಿಮ್ಮಪ್ಪ ಗಟ್ಟಿಗ ಬಿಡಪ್ಪ, ಒಂದ್ ಗೂಟಾನೂ ಅಲ್ಲಾಡ್ತಿಲ್ಲ. ಬಾಯಿ ಬಡ್ಕೊಳೋ ಬದ್ಲು ಆ ಕಡೆ ಹಿಡ್ಕೊ," ಎಂದಳು ಲೋರ್ನಾ.

ಹಿಡಿದುಕೊಂಡ. ಮರುದಿನ ತನ್ನದೇ ಇಕ್ಕಳ ತಂದ. ಆಮೇಲೆ ಹತ್ತೊಂಬತ್ತು ವರ್ಷ, ಬೇಲಿ ಕೀಳುವ ಯಾವ ಜೂನ್ ತಿಂಗಳನ್ನೂ ತಪ್ಪಿಸಲಿಲ್ಲ.

ಗಾಡಿ ಹೊಕ್ಕರೆ ಪೊದೆ ಸಾಯುತ್ತದೆಂದು ಟ್ರಕ್ಕುಗಳನ್ನು ಕೆಳಗೆ ರಸ್ತೆಯಲ್ಲೇ ಬಿಟ್ಟು ಎಲ್ಲರೂ ಮೂರು ಮೈಲಿ ನಡೆಯುತ್ತಿದ್ದರು. ರಸ್ತೆಯ ಬದಿಯಲ್ಲಿ ಒಂದು ಕಳೆಹುಲ್ಲು; ಊರವರ ಬಾಯಲ್ಲಿ ಅದಕ್ಕೆ ಮೋಸದ ಹುಲ್ಲೆಂದೇ ಹೆಸರು. ಬೇಗ ಚಿಗುರಿ, ಬೇಗ ಒಣಗಿ, ಕಿಡಿ ತಾಗಿದರೆ ಭಗ್ಗನೆ ಉರಿಯುತ್ತದೆ. ಅದರ ಬೀಜ ಸೂಜಿಯಂತೆ ಕಾಲುಚೀಲಕ್ಕೆ ನಾಟುತ್ತದೆ. ಹೀಗಾಗಿ ಮೇಲೆ ನೀರು ಜಿನುಗುವ ಊಟೆಯ ಹತ್ತಿರ ಬಿಡಾರ ಸೇರಿದೊಡನೆ ಎಲ್ಲರೂ ಸಾಲಾಗಿ ಕೂತು ಬೀಜ ಕೀಳಬೇಕು. ಯಾರದ್ದು ಕಡಿಮೆಯೋ ಅವರು ಕಾಫಿ ಕಾಯಿಸಬೇಕು. ಲೋರ್ನಾ ಒಂದು ವರ್ಷವೂ ಕಾಯಿಸಲಿಲ್ಲ. ಬೆರಳ ತುದಿಯಲ್ಲಿ ಬೀಜ ಹಿಡಿದು, ಉಫ್ ಎಂದು ಊದಿ ಹಾರಿಸಿಬಿಡುವಳು. ಆ ನಗು, ಆ ಕಾಫಿ, ಅವಳ ಬಾಳಿನ ಸುಖವೆಲ್ಲ ಅಲ್ಲೇ ಇತ್ತು.

ಕೊನೆಯ ಸುರುಳಿ ತಂತಿ ಹೊತ್ತು ಇಳಿದ ಮರುವರ್ಷ ಕುಣಿಯಲು ಮೂವತ್ತೆಂಟು ಹುಂಜಗಳು ಬಂದವು. ಹಿಂದೆಂದೂ ಅಷ್ಟು ಬಂದಿರಲಿಲ್ಲ; ಲೋರ್ನಾ ಸಂತೋಷಕ್ಕೆ ಅತ್ತಳು. ಆ ವರ್ಷದ ಆಗಸ್ಟ್‌ನಲ್ಲಿ ಸಿಡಿಲು ಬಡಿದು, ಒಂದೇ ಮಧ್ಯಾಹ್ನದಲ್ಲಿ ಬಯಲಿಗೆ ಬಯಲೇ ಸುಟ್ಟುಹೋಯಿತು. ಮುಂದಿನ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಒಂದು ಹುಂಜವೂ ಇರಲಿಲ್ಲ.

ಜೂನ್‌ನಲ್ಲಿ ಸರ್ಕಾರದ ಸಸ್ಯತಜ್ಞೆ ಹಾನಾ ಲೋರ್ನಾ, ಗೊಯ್ರಿ ಇಬ್ಬರನ್ನೂ ಕರೆದುಕೊಂಡು ಬಯಲು ಹತ್ತಿದಳು. ಸುಟ್ಟಲ್ಲೆಲ್ಲ ಮೋಸದ ಹುಲ್ಲು ಎದ್ದಿತ್ತು. ಹಾನಾ ವಿಮಾನದಿಂದ ತೆಗೆದ ಹಳೆಯ ಚಿತ್ರಗಳನ್ನು ಬಿಡಿಸಿದಳು.

"ಸಿಡಿಲು ಇಲ್ಲಿ ವರ್ಷವರ್ಷಾನೂ ಬೀಳುತ್ತೆ, ಹತ್ತಡಿ ಉರಿದು ಆರಿಹೋಗುತ್ತೆ. ಈ ಸಲ ಮಾತ್ರ ಹಬ್ಬೋಕೆ ಹುಲ್ಲಿತ್ತು. ನೋಡಿ, ಮೊದಲು ಊಟೆ ಹತ್ರ ಒಂದು ಚುಕ್ಕೆ. ಆಮೇಲೆ ಬೇಲಿ ಇದ್ದ ಗೆರೆ ಉದ್ದಕ್ಕೂ. ಅಲ್ಲಿಗೆ ಯಾರು ತಂದ್ರು ಅಂತಾನೇ ಗೊತ್ತಾಗ್ತಿಲ್ಲ."

ಲೋರ್ನಾ ಚಿತ್ರದ ಮೇಲೆ ಬೆರಳಿಟ್ಟಳು. ಚುಕ್ಕೆಯಿದ್ದದ್ದು ಅವರು ಕಾಫಿ ಕುಡಿಯುತ್ತಿದ್ದ ಜಾಗದಲ್ಲಿ. ಗೊಯ್ರಿ ಅವಳ ಮುಖ ನೋಡಿದ.

"ನಮ್ ದನ," ಎಂದ ಗಡಸಾಗಿ. "ಬರ್ಕೊ ತಾಯಿ, ಗೊಯ್ರಿ ದನ ಕದ್ದು ನುಗ್ಗಿದ್ವು ಅಂತ."

"ಸುಮ್ನಿರೋ ಇನ್ಯಾಕಿ. ನಿನ್ ದನ ಇಲ್ಲಿಗೆ ಬಂದು ಯಾವ ಕಾಲ ಆಯ್ತು," ಎಂದಳು ಲೋರ್ನಾ. "ನಾವಮ್ಮ. ನಮ್ ಕಾಲುಚೀಲ."

ಹಾನಾಳಿಗೆ ಎಲ್ಲವನ್ನೂ ಹೇಳಿದಳು, ಉಫ್ ಎಂದು ಊದುತ್ತಿದ್ದದ್ದನ್ನೂ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಇಲ್ಲಿ ಬೇಲಿ ಕಿತ್ತವರೇ ಮೇಯ್ದಿದ್ದರು. ಹಾನಾ ತಲೆ ತಗ್ಗಿಸಿ ಬರೆದುಕೊಂಡಳು.

"ಪೊದೆ ಮತ್ತೆ ಬರುತ್ತಾ?"

"ಈ ಹುಲ್ಲು ಬಿಡೋದಿಲ್ಲ. ಇನ್ನೆರಡು ವರ್ಷಕ್ಕೆ ಮತ್ತೆ ಉರಿಯುತ್ತೆ. ನಿಮ್ಮ ಕಾಲಕ್ಕಂತೂ ಇಲ್ಲ ಲೋರ್ನಾ ಅವರೇ. ನನ್ನ ಕಾಲಕ್ಕೂ ಇಲ್ಲ."

ಹಾನಾ ಮುಂದೆ ಹೋದಮೇಲೆ ಲೋರ್ನಾ ಊಟೆಯ ಪಕ್ಕ ತನ್ನ ಹಳೆಯ ಕಲ್ಲಿನ ಮೇಲೆ ಕೂತಳು. ಬೂಟು ಬಿಚ್ಚಿ, ಒಂದೊಂದೇ ಬೀಜ ಕಿತ್ತು, ಖಾಲಿ ಕಾಫಿ ಡಬ್ಬಿಗೆ ಹಾಕತೊಡಗಿದಳು.

"ಇನ್ನೆಲ್ಲಿ ಹಾಕಿದ್ರೇನು ಮಾರಾಯ್ತಿ, ಬಿಸಾಕು," ಎಂದ ಗೊಯ್ರಿ.

ಅವಳು ಇನ್ನೊಂದು ಬೀಜ ಕಿತ್ತು ಡಬ್ಬಿಗೆ ಹಾಕಿದಳು. ಅವನೂ ಕೂತು ಬೂಟು ಬಿಚ್ಚಿದ. ಕೊನೆಯ ಬೀಜವನ್ನೂ ಹಾಕಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಸುತ್ತ ಕಣ್ಣು ಹಾಯುವವರೆಗೂ ಅದೇ ಹುಲ್ಲು ಮೊಣಕಾಲೆತ್ತರ ನಿಂತಿತ್ತು.