ಪರದೆ ಪಕ್ಕದ ಫಕ್ರುದ್ದೀನ್ ಸಾಬರು

ಫಕ್ರುದ್ದೀನ್ ಸಾಬರ ವಿಷಯ ಬರೆಯಲು ಕೂತರೆ ನನ್ನ ವಿಷಯವನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಬರೆದಿರಲಿಲ್ಲ. ಈಗ ಸಾಬರಿಲ್ಲ. ಅವರ ಹೆಸರೆತ್ತಿದರೆ ಮದ್ದೂರಿನ ಹಳಬರು ‘ಆಹಾ, ಏನು ತಮಾಷೆಯ ಮನುಷ್ಯ’ ಎಂದು ಇವತ್ತಿಗೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಪೇಟೆಬೀದಿಯಲ್ಲಿ ಅವರು ಕೊಡೆ, ಬೀಗ, ಒಲೆ ರಿಪೇರಿ ಮಾಡುತ್ತಿದ್ದರು. ಅಂಗಡಿ ಎಂದರೆ ಹಾಸಿದ ಒಂದು ಗೋಣಿಚೀಲ, ಒಂದು ತಗಡಿನ ಪೆಟ್ಟಿಗೆ, ಅಷ್ಟೇ. ಎರಡನೆಯ ಮಹಾಯುದ್ಧ ಮುಗಿದ ವರ್ಷ ಊರ ಹೊರಗಿನ ಬಯಲಿಗೆ ಟೆಂಟು ಸಿನಿಮಾ ಬಂತು. ಆತಗೂರಿನಿಂದ ಕೆಲಸ ಹುಡುಕಿಕೊಂಡು ಬಂದಿದ್ದ ನಾನು ಬಾಗಿಲಲ್ಲಿ ಟಿಕೀಟು ಹರಿಯಲು ಸೇರಿಕೊಂಡೆ. ಚಿತ್ರ ಹಿಂದಿಯದು. ನಮ್ಮ ಜನಕ್ಕೆ ಹಿಂದಿ ಎಲ್ಲಿಂದ ಬರಬೇಕು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎರಡು ದಿನ ಟೆಂಟು ಬಣಗುಟ್ಟಿತು. ಮೂರನೆಯ ದಿನ ಮಾಲೀಕ ಸಾಬರನ್ನು ಕರೆಸಿ, ಕೈಗೊಂದು ಬೆತ್ತ ಕೊಟ್ಟು ಪರದೆಯ ಪಕ್ಕ ನಿಲ್ಲಿಸಿದ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಮನುಷ್ಯ. ಪರದೆಯವರು ಆಡಿದ್ದನ್ನು ನಮ್ಮ ಮಾತಿನಲ್ಲಿ ಕೂಗಿ ಹೇಳಿದರಾಯಿತು.

ಕತೆ ಹಗುರವಾದದ್ದು. ಜಮೀನ್ದಾರನ ಮಗಳು ಮನಸ್ಸಿಲ್ಲದ ಮದುವೆ ತಪ್ಪಿಸಿಕೊಂಡು ಗಂಡುವೇಷದಲ್ಲಿ ಓಡಿಹೋಗುತ್ತಾಳೆ. ದಾರಿಯಲ್ಲಿ ಕುದುರೆ ಪಳಗಿಸುವ ಯುವಕನೊಬ್ಬ ಸಿಗುತ್ತಾನೆ. ಇಬ್ಬರೂ ಜಗಳವಾಡುತ್ತ, ಕಳ್ಳರ ಕೈಗೆ ಸಿಕ್ಕಿ ಪಾರಾಗುತ್ತ, ಹೊಳೆ ಗುಡ್ಡ ದಾಟುತ್ತ ಒಬ್ಬರಿಗೊಬ್ಬರು ಮನಸ್ಸು ಕೊಡುತ್ತಾರೆ. ಅವರ ಹಿಂದೆ ಬೀಳುವವನು ಮನೆಯವರು ಗೊತ್ತುಮಾಡಿದ್ದ ಡೊಳ್ಳುಹೊಟ್ಟೆಯ ಗಂಡು. ಅವನು ಪ್ರತಿ ಸಲವೂ ದೋಣಿ ಬಿಟ್ಟ ಮೇಲೆಯೇ ದಡಕ್ಕೆ ಬಂದು ತಲುಪುತ್ತಾನೆ. ಅಕ್ಕಿಗೂ ಸೀಮೆಎಣ್ಣೆಗೂ ಸಾಲು ನಿಂತು ಸುಸ್ತಾಗಿದ್ದ ಜನ, ಕಬ್ಬು ಕಡಿದು ಅಂಗೈ ಒಡೆದುಕೊಂಡ ಜನ, ಅಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬಿದ್ದವನಿಗೆ ಪೆಟ್ಟಾಗದ, ಹಸಿದವನು ಸೊರಗದ ಕತೆ ಯಾರಿಗೆ ಬೇಡ? ನಾಲ್ಕು ನಾಲ್ಕು ಸಲ ನೋಡಿದವರಿದ್ದರು.

ಸಾಬರು ದಿನಕ್ಕೊಂದು ಹೊಸ ಮಾತು ಸೇರಿಸುತ್ತಿದ್ದರು. ಪರದೆಯ ಜಮೀನ್ದಾರನ ಮಗಳು ಮದ್ದೂರು ಸಂತೆಯ ಬದನೆಕಾಯಿ ಚೌಕಾಶಿ ಮಾಡುವಳು, ಕಳ್ಳರು ಮಳವಳ್ಳಿ ದಾರಿ ಕೇಳುವರು. ಒಂದು ಸಂಜೆ ಟೀ ಕುಡಿಯುವಾಗ ನನ್ನ ನಾಲಿಗೆ ತುರಿಸಿತು.

“ನಮ್ಮೂರಾಗೂ ಆ ಡೊಳ್ಳೊಟ್ಟೆಯವ್ನಂಗೇ ಒಬ್ನವ್ನೆ ಸಾಬ್ರೇ, ಶಿವಣ್ಣ ಅಂತ. ಏಳು ಎಣ್ಣು ನೋಡ್ದ. ಇವನು ಊ ಅನ್ನೋ ಅಷ್ಟೊತ್ಗೆ ಎಣ್ಣು ಬ್ಯಾರೆ ಮನೆ ಸೇರಿರ್ತದೆ.”

ಸಾಬರು ಶಿವಣ್ಣನ ಮುಖ ಕಂಡವರಲ್ಲ. ಆ ರಾತ್ರಿ ಡೊಳ್ಳುಹೊಟ್ಟೆಯವನು ಏದುತ್ತ ದಡಕ್ಕೆ ಬಂದಾಗ ಬೆತ್ತ ಎತ್ತಿ, “ಓಹೋ, ಆತಗೂರು ಶಿವಣ್ಣ ಬಂದ ಕಣ್ರಪ್ಪೋ!” ಎಂದರು. ಟೆಂಟು ಹಾರಿಹೋಗುವಂಥ ನಗು. ಮಾರನೆಯ ದಿನದಿಂದ ಜನ ಆ ಮಾತಿಗೇ ಕಾಯತೊಡಗಿದರು. ಸಾಬರು ಬಾಯಿ ತೆರೆಯುವ ಮೊದಲೇ ತಾವೇ ಕೂಗುತ್ತಿದ್ದರು. ಮದ್ದೂರಿನಲ್ಲಿ ಯಾರಾದರೂ ರೈಲು ತಪ್ಪಿಸಿಕೊಂಡರೆ ಅವನೂ ಆತಗೂರು ಶಿವಣ್ಣನೇ ಆದ. ಇದೆಲ್ಲ ಶಿವಣ್ಣನೊಬ್ಬನಿಗೆ ಗೊತ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ, ಸಂತೆಯ ದಿನ, ಶಿವಣ್ಣನೇ ಬಂದ. ಒಗೆದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ಜೊತೆಯಲ್ಲಿ ಕೊಪ್ಪದ ಮರಿಸಿದ್ದಯ್ಯ ಮತ್ತು ಅವನ ಹೆಂಡತಿ ಅಂಕಮ್ಮ. ನೆಲದ ಟಿಕೀಟಲ್ಲ, ಬೆಂಚಿನ ಟಿಕೀಟು. ಶಿವಣ್ಣ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

“ಈ ಸಲ ಗಟ್ಟಿ ಆಯ್ತು ಕಣ್ಲಾ ಸಿದ್ದರಾಮು. ಇವರ ಮಗಳು ಬೆಳ್ಳಮ್ಮ. ಸುಕ್ರವಾರ ವೀಳ್ಯ. ಸಿನ್ಮಾನೇ ಕಂಡಿಲ್ವಂತೆ, ಅದ್ಕೇ ಕರ್ಕಂಬಂದೆ.”

ಆಟ ಶುರುವಾಗಲು ಇನ್ನೂ ಕಾಲು ಗಂಟೆ ಇತ್ತು. ಸಾಬರು ಟೆಂಟಿನ ಹಿಂದೆ ಬೀಡಿ ಸೇದುತ್ತ ನಿಂತಿದ್ದರು. ನಾನು ಹತ್ತು ಹೆಜ್ಜೆ ಹೋಗಿ, ‘ಸಾಬ್ರೇ, ಇವತ್ತೊಂದಿನ ಆ ಹೆಸರು ಬ್ಯಾಡಿ’ ಎಂದಿದ್ದರೆ ಸಾಕಿತ್ತು. ಹೋಗಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಮಾತು ಬಿದ್ದಾಗ ಶಿವಣ್ಣನ ಮುಖ ಹೇಗಾಗುತ್ತದೆಂದು ನೋಡುವ ಚಪಲ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ದೋಣಿ ಹೋಯಿತು. ಡೊಳ್ಳುಹೊಟ್ಟೆ ಬಂತು. ಸಾಬರ ಬೆತ್ತ ಎದ್ದಿತು. “ಆತಗೂರು ಶಿವಣ್ಣ ಬಂದ!” ಎಂದು ಇಡೀ ಟೆಂಟು ಕೂಗಿತು. ಅಷ್ಟರಲ್ಲಿ ನೆಲದಲ್ಲಿ ಕೂತಿದ್ದ ಯಾರೋ ಗುರುತು ಹಿಡಿದು, “ಲೇ, ಅಗೋ ಬೆಂಚಿನ ಮ್ಯಾಲೇ ಕುಂತವ್ನೆ ಕಣ್ರಲಾ!” ಎಂದ. ಜನ ಪರದೆ ಬಿಟ್ಟು ಹಿಂದಕ್ಕೆ ತಿರುಗಿದರು. ಶಿವಣ್ಣನೂ ಮೊದಲು ಅವರ ಜೊತೆ ನಕ್ಕ. ಆಮೇಲೆ ಅಂಕಮ್ಮನ ಮುಖ ನೋಡಿ ನಿಲ್ಲಿಸಿದ.

ಮರಿಸಿದ್ದಯ್ಯ ಎದ್ದು ಹೊರಗೆ ಬಂದ. ಶಿವಣ್ಣ ಓಡುತ್ತ ಹಿಂದೆ ಬಂದ. ಬಾಗಿಲಲ್ಲಿ, ನನ್ನ ಎದುರಿಗೇ, ಮರಿಸಿದ್ದಯ್ಯ ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

“ಬಡವ ಆಗಿದ್ರೂ ಕೊಡ್ತಿದ್ದೆ ಕಣಪ್ಪ. ಆದ್ರೆ ಊರೆಲ್ಲ ಆಡ್ಕಂಡು ನಗೋನ ಎಡ್ತಿ ಅಂತ ನನ್ನ ಮಗಳು ಅನ್ನಿಸ್ಕಬಾರ್ದು. ವೀಳ್ಯ ಬ್ಯಾಡ ಬುಡು.”

ಆಟ ಮುಗಿದ ಮೇಲೆ ಸಾಬರಿಗೆ ವಿಷಯ ತಿಳಿಯಿತು. “ತೋಬಾ ತೋಬಾ” ಎಂದು ಕೆನ್ನೆ ಬಡಿದುಕೊಂಡರು. ಅಲ್ಲೇ ಬೆತ್ತವನ್ನು ಮಾಲೀಕನ ಕೈಗಿಟ್ಟರು. ಟೆಂಟು ಮಳವಳ್ಳಿಗೆ ಹೊರಟಾಗ ಮಾಲೀಕ ಎಷ್ಟು ಗೋಗರೆದರೂ ಹೋಗಲಿಲ್ಲ; ಕಣ್ಣು ಮುಚ್ಚುವವರೆಗೂ ಕೊಡೆ, ಬೀಗ, ಒಲೆ, ಅಷ್ಟೇ. ಆ ರಾತ್ರಿ ಕಳೆದು ಬೆಳಗಾಗುತ್ತಲೇ ಸಾಬರು ಕೊಪ್ಪಕ್ಕೆ ನಡೆದು ಹೋಗಿ, ಮದುವೆ ಮುರಿಯಬೇಡಿ ಎಂದು ಬೇಡಿಕೊಂಡರು. ಮರಿಸಿದ್ದಯ್ಯ ಮಜ್ಜಿಗೆ ಕೊಟ್ಟು ಕಳಿಸಿದ, ಮಾತು ಕೊಡಲಿಲ್ಲ. ಅದರ ಮಾರನೆಯ ದಿನ ಆತಗೂರಿಗೆ ಹೊರಟರು. ದಾರಿ ತೋರಿಸಲು ನಾನು ಹೋಗಲೇಬೇಕಾಯಿತು. ಶಿವಣ್ಣ ಟೆಂಟಿಗೆ ಬಂದದ್ದು ನನಗೆ ಮೊದಲೇ ಗೊತ್ತಿತ್ತೆಂದು ದಾರಿಯುದ್ದಕ್ಕೂ ಅವರಿಗೆ ಹೇಳಲಿಲ್ಲ.

ಶಿವಣ್ಣ ಒಳಗೆ ತಾಯಿಗೆ ಅಂಬಲಿ ಕುಡಿಸುತ್ತಿದ್ದ. ಸಣ್ಣತಾಯಮ್ಮನಿಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷ. ಮನೆಯಲ್ಲಿ ಬೇರೆ ಹೆಂಗಸಿಲ್ಲ. ಬೆಳಿಗ್ಗೆ ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಉಣ್ಣಿಸಿ ಹೊರಡುವ ಹೊತ್ತಿಗೆ ಯಾವ ಹೆಣ್ಣಿನ ಮನೆಗಾದರೂ ತಡವಾಗದೆ ಇನ್ನೇನಾದೀತು? ಅದೇ ಊರಿನವನು ನಾನು. ಅವಳು ಹಾಸಿಗೆ ಹಿಡಿದದ್ದೂ ಗೊತ್ತಿತ್ತು, ಇವನು ತಡಮಾಡುವುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ಒಮ್ಮೆಯೂ ಯೋಚಿಸಿರಲಿಲ್ಲ.

“ಯಾರ್ಲಾ ಮಗ, ಕೊಪ್ಪದೋರಾ?” ಎಂದಳು ಮುದುಕಿ.

“ಅಲ್ಲ ಕಣವ್ವ, ಮದ್ದೂರು ಸಾಬ್ರು.”

ಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ತಪ್ಪಾಯ್ತು ಕಣಪ್ಪ ಶಿವಣ್ಣ. ಆ ಹೆಸರು ನಂಗೆ ಯಾರು ಏಳಿದ್ದು ಅಂತ ಕೇಳ್ಬ್ಯಾಡ. ಆಡಿದ್ದು ನನ್ನ ನಾಲ್ಗೆ, ಪಾಪ ನಂದೇ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನನ್ನು ಉಳಿಸಿದರು. ನಾನು ಉಳಿಸಿಕೊಂಡು ಸುಮ್ಮನೆ ಹೊಸ್ತಿಲು ನೋಡುತ್ತ ನಿಂತೆ.

ಶಿವಣ್ಣ ತಾಯಿಯ ಬಾಯಿ ಒರೆಸಿ, ಬಟ್ಟಲು ಕೆಳಗಿಟ್ಟು, ಸಾಬರಿಗೆ ಚಾಪೆ ಹಾಸಿದ. “ಕುಂತ್ಕಳಿ ಸಾಬ್ರೇ. ನಾವು ಅರ್ಧಕ್ಕೇ ಎದ್ಬಂದ್ವಲ್ಲ, ಆ ಡೊಳ್ಳೊಟ್ಟೆಯವ್ನು ಕೊನೆಗೆ ಏನಾಯ್ತಾನೆ?”

ಸಾಬರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತ ತಲೆ ತಗ್ಗಿಸಿದರು. ಸಿನಿಮಾದ ಕೊನೆಯಲ್ಲಿ ಮದುವೆಯ ಊಟ, ಕುಣಿತ ಎಲ್ಲ ಇತ್ತು. ಅವನೊಬ್ಬ ಎಲ್ಲೂ ಇರಲಿಲ್ಲ. ಕತೆ ಕಟ್ಟಿದವರೇ ಅವನನ್ನು ಮರೆತುಬಿಟ್ಟಿದ್ದರು. ತಡೆಯಲಾರದೆ ನಾನೇ ಅಂದೆ:

“ಅವನ್ಗೂ ಒಂದು ಒಳ್ಳೆ ಎಣ್ಣು ಸಿಗ್ತದೆ ಕಣ್ಲಾ.”

ಶಿವಣ್ಣ ನನ್ನ ಕಡೆ ತಿರುಗಿದ. “ನೀನು ಮಾತಾಡ್ಬ್ಯಾಡ ಬುಡು. ಅವತ್ತು ಟಿಕೀಟು ಹರೀವಾಗ ನಗ್ತಾ ಇದ್ದೆ. ನನ್ನ ಮದುವೆ ಗಟ್ಟಿ ಆಯ್ತು ಅನ್ನೋ ಸಂತೋಸಕ್ಕೆ ನಗ್ತಾವ್ನೆ ಅಂದ್ಕಂಡಿದ್ದೆ ಕಣ್ಲಾ ನಾನು.”

ಸಾಬರು ಆಗ ಕತ್ತೆತ್ತಿ ನನ್ನನ್ನು ನೋಡಿದರು.