ನಾನು ಒತ್ತದ ಗುಂಡಿ

ದೆವ್ವ, ಶಕುನ ಎಂದು ಯಾರಾದರೂ ಹೇಳಿದರೆ, ಅದೇ ಕಥೆಯನ್ನು ಅವರೆದುರಿಗೇ ಅವರ ದನಿಯಲ್ಲಿ ಹೇಳಿ ನಗಿಸಿಬಿಡುತ್ತಿದ್ದವನು ನಾನು. ಈಗ ನೀವು ನನ್ನನ್ನು ನಂಬದಿದ್ದರೆ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ವಿಮಾನಗಳಿಗೆ ನೆಲದಿಂದ ದಾರಿ ಹೇಳುವ ಕಂಟ್ರೋಲರ್‌ಗಳಿಗೆ ನೆರವಾಗುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಯಾವ ಎರಡು ವಿಮಾನ ಇನ್ನು ಸ್ವಲ್ಪ ಹೊತ್ತಿಗೆ ತೀರಾ ಹತ್ತಿರ ಬರುತ್ತವೆ, ಯಾವುದನ್ನು ಕೆಳಗಿಳಿಸಿದರೆ ಒಳ್ಳೆಯದು ಎಂದು ಅದು ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಸಲಹೆ ಕೊಡುತ್ತದೆ. ಪರೀಕ್ಷೆ ಮಾಡುವುದಕ್ಕೆ ಸುಳ್ಳು ಆಕಾಶ, ಸುಳ್ಳು ವಿಮಾನ. ಪಕ್ಕದ ಕೋಣೆಯಲ್ಲಿ ಕೂತು ಪೈಲಟ್‌ಗಳಂತೆ ಮಾತಾಡುವವನು ನಾನು. ಮಿಮಿಕ್ರಿ ಗೊತ್ತಿದ್ದರಿಂದ ಒಬ್ಬನ ಸಂಬಳಕ್ಕೆ ಅವರಿಗೆ ಹತ್ತು ಮಂದಿ ಪೈಲಟ್ ಸಿಕ್ಕಿದ್ದರು.

ಕಂಟ್ರೋಲರ್ ಸೀಟಿನಲ್ಲಿ ಕೂರುತ್ತಿದ್ದವಳು ತಿ. ನರಸೀಪುರದ ಮಂಜುಳ. ನಮ್ಮನ್ನು ತಿದ್ದುವುದಕ್ಕೆ ರಿಟೈರ್ ಆದ ಕಂಟ್ರೋಲರ್ ಒಬ್ಬರಿದ್ದರು, ಮೇಷ್ಟ್ರು ಎನ್ನುತ್ತಿದ್ದೆವು. ಅವರ ದನಿ ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು. ಆ ದನಿ ತೆಗೆದು ಮಂಜುಳಳನ್ನು ಎಷ್ಟೋ ಸಲ ಬೆಚ್ಚಿಬೀಳಿಸಿದ್ದೇನೆ. "ಲೇ, ನಿನ್ ನಾಲ್ಗೆಗೆ ಬೀಗ ಆಕಸ್ಬೇಕು ಕಣೋ" ಎನ್ನುತ್ತಿದ್ದಳು.

ಅವಳ ಕೆಲಸ ಕಾಯಂ ಆಗಬೇಕಾದರೆ ಒಂದು ಟೆಸ್ಟ್ ದಾಟಬೇಕಿತ್ತು. ಹಳದಿ ಸಲಹೆ ಬಂದರೆ ಪಾಲಿಸಬೇಕು, ಇಲ್ಲವೇ ಕಾರಣ ಹೇಳಿ ಅದನ್ನು ಕೈಬಿಡಬೇಕು. ಸುಮ್ಮನೆ ಕೂರುವ ಹಾಗಿಲ್ಲ. ಟೆಸ್ಟಿನ ದಿನ ಬೆಳಿಗ್ಗೆ ಮೇಷ್ಟ್ರು ಅದೇ ಲೈನಿನ ಹೆಡ್‌ಫೋನ್ ಹಾಕಿಕೊಂಡು ಹೊರಗೆ ಕೂತಿದ್ದರು. ಸಲಹೆ ಬಂತು. ನನಗೆ ಚೇಷ್ಟೆ ಹೊಳೆಯಿತು. ಮೇಷ್ಟ್ರ ದನಿಯಲ್ಲಿ, "ಅದು ಸುಮ್ಕೆ ಬಡ್ಕತದೆ, ಬುಡವ್ವ ನರಸೀಪುರದವ್ವ" ಎಂದು ಮನಸ್ಸಿನೊಳಗೇ ಒಮ್ಮೆ ಹೇಳಿಕೊಂಡೆ. ಬೆರಳು ಮೈಕಿನ ಗುಂಡಿಯ ಮೇಲಿತ್ತು. ಪಾಪ, ಹೊಟ್ಟೆಪಾಡಿನ ವಿಷಯ ಎನ್ನಿಸಿ ತೆಗೆದೆ. ತುಟಿ ಬಿಚ್ಚಲಿಲ್ಲ. ನಾನಾಗಿ ಬಾಯಿ ಮುಚ್ಚಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

ಮಂಜುಳ ಏನೂ ಮಾಡಲಿಲ್ಲ. ಎರಡು ವಿಮಾನ ಒಂದರೊಳಗೊಂದು ಹೊಕ್ಕವು. ಎರಡಕ್ಕೂ ಪೈಲಟ್ ನಾನೇ.

"ನೀವೇ ಏಳಿದ್ರಲ್ಲ ಸಾ," ಎಂದಳು ಮೇಷ್ಟ್ರಿಗೆ. "ಅದು ಸುಮ್ಕೆ ಬಡ್ಕತದೆ, ಬುಡವ್ವ ನರಸೀಪುರದವ್ವ ಅಂತ."

"ನಾನ್ಯಾವತ್ತಮ್ಮ ನಿನ್ನ ಹಾಗೆ ಕರ್ದಿದೀನಿ?"

ಎಲ್ಲರೂ ಪಕ್ಕದ ಕೋಣೆಯಿಂದ ಎದ್ದು ಬಂದಿದ್ದ ನನ್ನತ್ತ ತಿರುಗಿದರು. ರೆಕಾರ್ಡಿಂಗ್ ಹಾಕಿ ಕೇಳಿದರು. ಆ ಮಾತು ಇರಬೇಕಾದ ಜಾಗದಲ್ಲಿ ಒಂದು ಉಸಿರೂ ಇರಲಿಲ್ಲ.

"ನಾನು ಬಾಯೇ ಬಿಟ್ಟಿಲ್ಲ" ಎಂದೆ. ನಿಜವೇ. ಆದರೆ ಅಕ್ಷರ ಬಿಡದೆ ಅದೇ ಮಾತು ನನ್ನ ತಲೆಯಲ್ಲಿತ್ತು ಎನ್ನುವುದನ್ನು ಹೇಳಲಿಲ್ಲ. ನನ್ನ ಕೆಲಸವೂ ಹೋದೀತೆಂಬ ಹೆದರಿಕೆ. ಸುಳ್ಳು ಹೇಳಿದಳು ಎನ್ನಿಸಿಕೊಂಡು ಅವಳು ಸಾಯಂಕಾಲದ ಬಸ್ ಹತ್ತಿದಳು.

ನನ್ನೊಳಗಿನ ಮಾತು ಗೋಡೆಯಾಚೆ ಕೂತವಳ ಕಿವಿಗೆ ಹೇಗೆ ಹೋಯಿತು? ವೈರು, ಮೈಕು, ಮನಸ್ಸು ಎಲ್ಲವನ್ನೂ ಬಿಚ್ಚಿ ನೋಡಿದ್ದೇನೆ. ಇವತ್ತಿಗೂ ಗೊತ್ತಾಗಿಲ್ಲ.

ಹೋದ ತಿಂಗಳು ನರಸೀಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ಅವತ್ತಿಂದ ನನ್ ಕಿವಿನೇ ನಾನು ನಂಬಾಕಿಲ್ಲ ಕಣೋ. ಮೈಸೂರಲ್ಲಿ ಡಾಕ್ಟ್ರಿಗೂ ತೋರ್ಸ್ದೆ. ಒಂದ್ ಮಾತು ಅವತ್ತೇ ಏಳಿದ್ರೆ ಸಾಕಾಗಿತ್ತು."

"ತಪ್ಪಾಯ್ತು" ಎಂದೆ, ನನ್ನದೇ ದನಿಯಲ್ಲಿ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಕ್ಕದಲ್ಲಿ ಪಹಣಿ ಹಿಡಿದು ನಿಂತಿದ್ದ ಗಿರಾಕಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಣ್ಣ, ಇವ್ನು ಈಗ ತಪ್ಪಾಯ್ತು ಅಂದ್ನಾ?"