ಕುಲೆಯ ಮನೆಯಿಂದ ನೇರ ಪ್ರಸಾರ

ನನ್ನ ಗಂಡ ದಾಮೋದರ ಮಾತನಾಡುವಾಗ ಬಲಗೈಯನ್ನು ಮುಷ್ಟಿ ಮಾಡಿ ಗಲ್ಲದ ಹತ್ತಿರ ಹಿಡಿಯುತ್ತಿದ್ದರು. ಮೈಕು ಹಿಡಿದು ಹಿಡಿದು ಆದ ಅಭ್ಯಾಸ. ಮೀನಿನವನ ಹತ್ತಿರ ಚೌಕಾಸಿ ಮಾಡುವಾಗಲೂ ಹಾಗೆ, ನನ್ನ ಹತ್ತಿರ ಜಗಳ ಮಾಡುವಾಗಲೂ ಹಾಗೆ. ಜಗಳದ ಮಧ್ಯೆ ನಾನು ಏನಾದರೂ ಹೇಳಲು ಬಾಯಿ ತೆರೆದರೆ ಆ ಮುಷ್ಟಿ ತಾನಾಗಿ ನನ್ನ ಬಾಯಿಯ ಮುಂದೆ ಬರುತ್ತಿತ್ತು. ಆಮೇಲೆ ಜಗಳ ಮುಂದುವರಿಸುವುದು ಹೇಗೆ? ಇಬ್ಬರಿಗೂ ನಗು ಬರುತ್ತಿತ್ತು.

ಬಂಟ್ವಾಳದಲ್ಲಿ ಅವರದ್ದೊಂದು ಸಣ್ಣ ಕೇಬಲ್ ಚಾನಲ್ ಇತ್ತು. ಕ್ಯಾಮರಾ ಹಿಡಿಯುವವರು, ವಾರ್ತೆ ಓದುವವರು, ಗಾಳಿಗೆ ತಂತಿ ಕಡಿದರೆ ಏಣಿ ಹತ್ತುವವರು ಎಲ್ಲ ಅವರೇ. ಊರಿನವರಿಗೆ ಅವರು ದಾಮಣ್ಣ. ಬ್ರಹ್ಮಕಲಶವಿರಲಿ, ಉರೂಸಿರಲಿ, ಚರ್ಚಿನ ಹಬ್ಬವಿರಲಿ, ಹೋದಲ್ಲಿ ಮೊದಲು ಅವರು ಚಿತ್ರ ತೆಗೆಯುತ್ತಿದ್ದದ್ದು ಊಟದ ಪಂಕ್ತಿಯದ್ದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಂದು ಮುಖವೂ ಬಿಡದೆ, ನಿಧಾನವಾಗಿ.

"ನ್ಯೂಸು ಕೊಡ್ಲಿಕ್ಕೆ ಬೆಂಗಳೂರಿನವರು ಇದ್ದಾರೆ. ಫರಂಗಿಪೇಟೆಯ ಅಜ್ಜಿ ಪಾಯಸ ಕುಡಿದದ್ದನ್ನು ತೋರಿಸ್ಲಿಕ್ಕೆ ನಾನೇ ಆಗಬೇಕಲ್ಲ?" ಎನ್ನುತ್ತಿದ್ದರು. ಅದು ನಿಜವೇ. ಮರುದಿನ ಬೆಳಿಗ್ಗೆ ಯಾರಾದರೂ ಫೋನ್ ಮಾಡಿ, "ದಾಮಣ್ಣ, ನಂದು ಅರ್ಧ ತಲೆ ಮಾತ್ರ ಬಂದಿದೆ" ಎಂದು ತಕರಾರು ಮಾಡುವುದಿತ್ತು. "ಮುಂದಿನ ಬ್ರಹ್ಮಕಲಶಕ್ಕೆ ಇನ್ನರ್ಧ ಹಾಕುವ" ಎಂದು ಇವರು ಸಮಾಧಾನ ಹೇಳುತ್ತಿದ್ದರು.

ಜನ ಮೊಬೈಲಿಗೆ ಅಂಟಿಕೊಂಡ ಮೇಲೆ ಪಂಕ್ತಿ ನೋಡುವವರು ಕಡಿಮೆಯಾದರು. ಇವರಿಗೆ ಬೇಸರ ಹಿಡಿಯಿತು. ಒಂದು ದಿನ ಊಟ ಮಾಡುತ್ತಾ ಮುಷ್ಟಿಯನ್ನು ಗಲ್ಲಕ್ಕೆ ತಂದು ಹೇಳಿದರು: "ಸುಮತೀ, ನಾವೊಂದು ಕುಲೆಯ ಮನೆ ತೋರಿಸುವ. ಲೈವ್."

ತೀರಿಹೋದವರನ್ನು ನಮ್ಮ ಕಡೆ ಕುಲೆ ಎನ್ನುತ್ತೇವೆ. ಭೂತ ಎಂದರೆ ಕೈಮುಗಿಯುವ ದೈವ, ಅದರ ತಂಟೆಗೆ ಹೋಗುವಂತಿಲ್ಲ. ಅಷ್ಟು ಎಚ್ಚರ ಇವರಿಗೂ ಇತ್ತು.

ಹೊಳೆಬದಿಯಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ ಇದೆ. ಅದರ ಹಿಂದೆ ಮೆನೇಜರರ ಹಳೆಯ ಮನೆ. ಬೀಗದ ಕೈ ಇವರ ಸ್ನೇಹಿತರ ಹತ್ತಿರವೇ ಇತ್ತು. ಆ ಮನೆಯಲ್ಲಿ ಯಾರೂ ಸತ್ತದ್ದಿಲ್ಲ. ಮದುವೆಯಾಗದೆ ತೀರಿಹೋದ ಒಬ್ಬ ಹುಡುಗಿಯನ್ನು ಇವರೇ ಹುಟ್ಟಿಸಿದರು.

"ಹುಡುಗಿ ಯಾರು?" ಎಂದು ಕೇಳಿದೆ.

"ನಿನ್ನ ಕೂದಲು ಉಂಟಲ್ಲ ಮಾರಾಯ್ತಿ."

ಮಧ್ಯಾಹ್ನ ಊಟವಾದ ಮೇಲೆ ಹೋದೆವು. ಕಿಟಕಿಗಳಿಗೆಲ್ಲ ಟರ್ಪಾಲು ಕಟ್ಟಿ ಕತ್ತಲೆ ಮಾಡಿದರು. ನಾನು ಹಸಿರು ಸೀರೆ ಉಟ್ಟು ಕೂದಲು ಬಿಚ್ಚಿ, ಕ್ಯಾಮರಾಕ್ಕೆ ಬೆನ್ನು ಹಾಕಿ ಕುಳಿತೆ. ಇವರು ನನ್ನ ಹಿಂದೆ ನಿಂತು ಮೆಲ್ಲಗೆ, "ವೀಕ್ಷಕರೇ, ಈಗ ನಡುರಾತ್ರಿ" ಎಂದರು. ಹಂಚಿನ ಧೂಳಿಗೆ ನನಗೆ ದೊಡ್ಡದೊಂದು ಸೀನು ಬಂತು. ಅದೇ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ಮೀನಿನವನ ಸ್ಕೂಟರಿನ ಹಾರ್ನು ಪೋಂ ಪೋಂ ಎಂದಿತು. "ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದು ಇವರು ಕೈಸನ್ನೆ ಮಾಡಿದರು. ಸೀನನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಎಳೆದು ಅಳುವಿನ ಹಾಗೆ ಮಾಡಿದರು. ಹಾರ್ನನ್ನು ಮರೆತರು.

ಎರಡು ದಿನ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಅದು ಚಾನಲಿನಲ್ಲಿ ಬಂತು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ನೇರ ಪ್ರಸಾರ'. ಊರಿನ ಗಡಿಯಾರದಲ್ಲಿ ಇನ್ನೂ ಒಂಬತ್ತು ಆಗಿರಲಿಲ್ಲ, ಟಿ.ವಿ.ಯಲ್ಲಿ ನಡುರಾತ್ರಿ. ಅದು ಯಾರಿಗೂ ಹೊಳೆಯಲಿಲ್ಲ ನೋಡಿ! ನಾವಿಬ್ಬರೂ ಮನೆಯಲ್ಲಿ ಗಂಜಿ ಉಣ್ಣುತ್ತಾ ನಮ್ಮನ್ನೇ ನೋಡುತ್ತಿದ್ದೆವು. ಆಗ ಫೋನ್ ಬಂತು. ಕೆಲವರು ಬೈಕು ಹತ್ತಿ ಕಾರ್ಖಾನೆಯ ಗೇಟಿಗೇ ಬಂದುಬಿಟ್ಟಿದ್ದರು.

"ದಾಮಣ್ಣ, ಇಲ್ಲಿ ಬೀಗ ಹಾಕಿ ಉಂಟಲ್ಲ, ನೀವು ಎಲ್ಲಿದ್ದೀರಿ?"

ಇವರು ಬಾಯಲ್ಲಿದ್ದ ಗಂಜಿ ನುಂಗಿ ಪಿಸುಗುಟ್ಟಿದರು: "ಒಳಗಿದ್ದೇವೆ ಮಾರಾಯ! ಗೇಟು ಮುಟ್ಟಬೇಡಿ!"

ನಾನು ಬಟ್ಟಲು ಕೆಳಗಿಟ್ಟು ನಗಲು ಒಳಗೆ ಓಡಿದೆ.

ಮರುದಿನ ಹೋಟೆಲಿನಲ್ಲಿ ಒಬ್ಬರು ಕೇಳಿದರಂತೆ: "ಅಲ್ಲ ದಾಮಣ್ಣ, ನಡುರಾತ್ರಿ ಬಂಗುಡೆ ಮಾರ್ಲಿಕ್ಕೆ ಬಂದವ ಯಾರು?" ಇವರು ಚಾ ಕೆಳಗಿಡದೆ, "ಯಾಕೆ, ಕುಲೆಗಳಿಗೆ ಮೀನು ಬೇಡವಾ?" ಎಂದರಂತೆ. ಹೋಟೆಲಿಗೆ ಹೋಟೆಲೇ ನಕ್ಕಿತಂತೆ. ಬಹಳ ಮಂದಿಗೆ ಸಂಶಯ ಬಂದಿತ್ತು. ಆದರೂ ಎಲ್ಲರೂ ನೋಡಿದ್ದರು, ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿದ್ದರು. ಇವರಿಗೆ ಅಷ್ಟೇ ಬೇಕಿತ್ತು. ಆ ವಾರವಿಡೀ ಸಂತೋಷದಿಂದ ತಿರುಗಿದರು.

ಆ ಭಾನುವಾರ ಬೆಳಿಗ್ಗೆ ಒಬ್ಬರು ಹೆಂಗಸು ಕೊಡೆ ಮಡಚಿಕೊಂಡು ನಮ್ಮ ಜಗಲಿಗೆ ಬಂದರು. ಬೆಳ್ತಂಗಡಿಯ ಲೀಲಕ್ಕ, ನಮಗೆ ಗುರ್ತ ಇಲ್ಲದವರು. ನೀರು ಬೆಲ್ಲ ತಂದಿಟ್ಟೆ. ಮಾತೆಲ್ಲ ತುಳುವಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಿಟ್ಲದಲ್ಲಿ ತಂಗಿಯ ಮನೆಗೆ ಹೋದಾಗ ಟಿ.ವಿ.ಯಲ್ಲಿ ನೋಡಿದೆ ಅಣ್ಣ. ಹುಡುಗಿಯ ಬೆನ್ನು ಮಾತ್ರ ಕಂಡಿತು. ಕೂದಲು ಒಳ್ಳೆದುಂಟು. ಅವಳ ಬರಿ ಯಾವುದು?"

ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರೊಳಗೆ ಮದುವೆ ಆಗುವುದಿಲ್ಲ. ಲೀಲಕ್ಕ ಸಂಬಂಧ ಕೇಳಲು ಬಂದಿದ್ದರು! ಇವರು ನನ್ನನ್ನು ನೋಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದೆ.

ಆದರೆ ಒಳಗಿನಿಂದ ಮಾತು ಕೇಳುತ್ತಾ ನಗು ನಿಂತುಹೋಯಿತು. ಲೀಲಕ್ಕನ ಮಗ ಹರೀಶ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಈಗ ಮಗಳಿಗೆ ಗಂಡು ನೋಡಿದರೆ ಎಲ್ಲ ಸರಿಯಾಗಿ ಕೊನೆಗೆ ತಪ್ಪಿಹೋಗುತ್ತಿತ್ತು. ಜೋಯಿಸರಲ್ಲಿ ಪ್ರಶ್ನೆ ಕೇಳಿದಾಗ, ಅಣ್ಣನಿಗೆ ಮೊದಲು ಮದುವೆಯಾಗಬೇಕು, ಅವನು ಒಬ್ಬನೇ ತಿರುಗುತ್ತಿದ್ದಾನೆ ಎಂದು ಬಂತಂತೆ. ತೀರಿಹೋದ ಹುಡುಗನಿಗೆ ತೀರಿಹೋದ ಹುಡುಗಿಯನ್ನೇ ತರಬೇಕು. ನಮ್ಮ ಕಡೆ ಅಂಥ ಮದುವೆ ಹೊಸತಲ್ಲ. ಆದರೆ ಎಷ್ಟು ಹುಡುಕಿದರೂ ಲೀಲಕ್ಕನಿಗೆ ಹುಡುಗಿ ಸಿಕ್ಕಿರಲಿಲ್ಲ.

"ರಬ್ಬರ್ ಟ್ಯಾಪಿಂಗಿಗೆ ಹೋಗ್ತಿದ್ದ. ಕುಡಿಯುವ ಅಭ್ಯಾಸ ಇಲ್ಲ. ಸ್ವಲ್ಪ ಸಿಟ್ಟು ಉಂಟು, ಆದ್ರೆ ಕೂಡಲೆ ಇಳೀತದೆ. ಹುಡುಗಿಗೆ ಏನೂ ತೊಂದ್ರೆ ಮಾಡುವವನಲ್ಲ." ಇಷ್ಟು ಹೇಳಿ ಅವರು ಚೀಲದಿಂದ ಫೋಟೋ ತೆಗೆದು ಇವರ ಕೈಗೆ ಕೊಟ್ಟರಂತೆ.

ಹೂಂ ಎಂದುಬಿಡುವುದು ಸುಲಭವಿತ್ತು. ಒಂದು ಬರಿಯ ಹೆಸರು ಹೇಳಿದ್ದರೆ ಆ ತಾಯಿ ಸಂತೋಷದಿಂದ ಬಸ್ಸು ಹತ್ತುತ್ತಿದ್ದರು. ಆದರೆ ಇವರು ನನ್ನನ್ನು ಕರೆದರು. ಒದ್ದೆ ಕೈಯಲ್ಲೇ ಹೊರಗೆ ಬಂದೆ.

"ಅಕ್ಕ, ಆ ಹುಡುಗಿ ಇವಳೇ. ನನ್ನ ಹೆಂಡತಿ. ನಾನು ಸುಳ್ಳು ತೋರಿಸಿದ್ದು."

ಲೀಲಕ್ಕ ನನ್ನ ಮುಡಿ ನೋಡಿದರು, ಕರಿಮಣಿ ನೋಡಿದರು. "ಜೀವ ಉಂಟಾ?" ಎಂದರು.

"ಉಂಟಕ್ಕ" ಎಂದೆ.

"ಹಾಗಾದ್ರೆ ನನ್ನ ಮಗನಿಗೆ ಇಲ್ಲ" ಎಂದರು. ಬೈಯಲಿಲ್ಲ. ಫೋಟೋವನ್ನು ಸೆರಗಿನಿಂದ ಒರೆಸಿ ಚೀಲದೊಳಗೆ ಇಡಲು ಹೋದರು. ಇವರು ಅವರ ಕೈ ಹಿಡಿದರು. "ಅದು ನನ್ನ ಹತ್ತಿರ ಇರ್ಲಿ ಅಕ್ಕ. ನಾನು ಹುಡುಕ್ತೇನೆ."

ಮರುದಿನ ವಾರ್ತೆಯ ಹೊತ್ತಿಗೆ ಇವರು ಕ್ಯಾಮರಾದ ಎದುರು ಕುಳಿತು, ಕುಲೆಯ ಮನೆ ಸುಳ್ಳು, ಗೇಟಿನಿಂದ ಫೋನ್ ಬಂದಾಗ ನಾನು ಮನೆಯಲ್ಲಿ ಗಂಜಿ ಉಣ್ಣುತ್ತಿದ್ದೆ, ಹಾರ್ನು ಮಾತ್ರ ನಿಜ ಎಂದರು. ಆಮೇಲೆ ಹರೀಶನ ಫೋಟೋ ತೋರಿಸಿ, ಮನೆ, ಬರಿ, ಕೆಲಸ ಎಲ್ಲ ಓದಿ, "ಈ ಹುಡುಗ ತೀರಿಹೋಗಿದ್ದಾನೆ. ಇವನಿಗೆ ತಕ್ಕ ಹುಡುಗಿ ಬೇಕು" ಎಂದರು. ಸುಳ್ಳು ತೋರಿಸಿದ್ದಕ್ಕೆ ಊರಿನವರು ವರ್ಷಗಟ್ಟಲೆ ತಮಾಷೆ ಮಾಡಿದರು. ಹೋದಲ್ಲೆಲ್ಲ, "ದಾಮಣ್ಣ, ಇದು ಲೈವಾ, ಗಂಜಿ ಉಂಡ ಮೇಲಿನದ್ದಾ?" ಎಂದು ಕೇಳುತ್ತಿದ್ದರು. ಆದರೆ ಹರೀಶನಿಗೆ ಹುಡುಗಿ ಕೇಳಿದ್ದಕ್ಕೆ ಒಬ್ಬರೂ ನಗಲಿಲ್ಲ.

ಆ ತುಣುಕೂ ಫೋನಿನಿಂದ ಫೋನಿಗೆ ಹೋಯಿತು. ಕೊನೆಗೆ ಮೂಡುಬಿದಿರೆಯ ಒಂದು ಮನೆಯವರಿಂದ ಕರೆ ಬಂತು. ಅವರ ಮಗಳು ಪುಷ್ಪ ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ಹೋದವಳು. ಹೋದ ಮಕ್ಕಳು ಅಲ್ಲಿ ಬೆಳೆಯುತ್ತಾರೆ ಎಂಬುದು ನಮ್ಮ ಲೆಕ್ಕ. ಈಗ ಅವಳು ಮದುವೆಯ ವಯಸ್ಸಿಗೆ ಬಂದಿದ್ದಳು. ಬರಿಯೂ ಬೇರೆ.

ಆಟಿ ತಿಂಗಳಲ್ಲಿ ಮದುವೆ. ಬದುಕಿರುವವರಿಗೆ ಮುಹೂರ್ತವಿಲ್ಲದ ಆ ತಿಂಗಳು ತೀರಿಹೋದವರಿಗೆ ಆಗುತ್ತದೆ. ನಾವಿಬ್ಬರೂ ಹೋದೆವು. ಇವರು ಕ್ಯಾಮರಾ ತಂದಿದ್ದರೂ ಚೀಲದಿಂದ ಹೊರಗೆ ತೆಗೆದಿರಲಿಲ್ಲ. ಲೀಲಕ್ಕನೇ ಬಂದು, "ಊರಿನ ಎಲ್ಲ ಮದುವೆಯದ್ದೂ ತೆಗೀತೀರಿ, ನನ್ನ ಮಗನದ್ದು ಬೇಡವಾ?" ಎಂದರು.

ಎರಡು ಕುರ್ಚಿ. ಒಂದರಲ್ಲಿ ಪಂಚೆ ಮತ್ತು ಅಂಗಿ, ಇನ್ನೊಂದರಲ್ಲಿ ಧಾರೆ ಸೀರೆ ಮತ್ತು ಮಲ್ಲಿಗೆ. ಇವರು ಬೇರೆ ಮದುವೆಗಳಲ್ಲಿ ತೆಗೆದ ಹಾಗೆಯೇ ಮೊದಲು ಬಲದಿಂದ, ಆಮೇಲೆ ಎಡದಿಂದ ತೆಗೆದರು. ಕರಿಮಣಿ ಹಾಕುವ ಹೊತ್ತಿಗೆ, ಕೆಲಸದ ಗುಂಗಿನಲ್ಲಿ ಎಂದಿನಂತೆ ಕೂಗಿಬಿಟ್ಟರು: "ಮದುಮಗಳು, ಸ್ವಲ್ಪ ಈಚೆ ಬನ್ನಿ!"

ಇವರು ನಾಲಗೆ ಕಚ್ಚಿಕೊಂಡರು. ಆಗ ಲೀಲಕ್ಕ ಎದ್ದು ಹೋಗಿ, ಸೀರೆಯಿದ್ದ ಕುರ್ಚಿಯನ್ನು ಮಗನ ಕುರ್ಚಿಯ ಹತ್ತಿರಕ್ಕೆ ಸರಿಸಿ, ನೆರಿಗೆ ಸರಿಮಾಡಿ, "ಈಗ ಬರ್ತದಾ ಅಣ್ಣ?" ಎಂದರು.

"ಬರ್ತದೆ ಅಕ್ಕ. ಚಂದ ಬರ್ತದೆ" ಎಂದರು ಇವರು.

ಆ ವೀಡಿಯೋ ಚಾನಲಿನಲ್ಲಿ ಬರಲಿಲ್ಲ. ಅದು ಮನೆಯವರದ್ದು ಎಂದು ಲೀಲಕ್ಕನಿಗೇ ಕೊಟ್ಟರು. ಮುಂದಿನ ವರ್ಷ ಅವರ ಮಗಳಿಗೂ ಮದುವೆಯಾಯಿತು. ಇವರು ತೆಗೆದ ಆ ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಮುಖವೂ ಇದೆ.

ಇವರು ಹೋಗಿ ಈಗ ಕೆಲವು ತಿಂಗಳಾಯಿತು. ಬೆಳಿಗ್ಗೆ ಎದೆನೋವು ಎಂದರು, ಆಸ್ಪತ್ರೆಗೆ ತಲುಪುವ ಮೊದಲೇ ಮುಗಿದಿತ್ತು. ಮಾತಿನ ಮನುಷ್ಯ, ಒಂದು ಮಾತೂ ಹೇಳಿ ಹೋಗಲಿಲ್ಲ. ಮನೆಗೆ ಬಂದವರೆಲ್ಲ ನನಗೆ ಧೈರ್ಯ ಹೇಳಿದರು. ನನಗೆ ನನ್ನ ಚಿಂತೆ ಇರಲಿಲ್ಲ. ಗುರ್ತದವರಿಲ್ಲದ ಊರಿನಲ್ಲಿ ಒಂದು ದಿನ ಉಳಿಯಲೂ ಒಪ್ಪದವರು, ಅಲ್ಲಿ ಒಬ್ಬರೇ ಏನು ಮಾಡುತ್ತಾರೆ ಎಂಬುದೇ ತಲೆಯಲ್ಲಿ. ಇದನ್ನು ಯಾರಿಗೆ ಹೇಳುವುದು?

ಬೊಜ್ಜದ ಉತ್ತರಕ್ರಿಯೆಯೆಲ್ಲ ಮುಗಿದು ನೆಂಟರು ಹೋದ ಮೇಲೆ ಲೀಲಕ್ಕ ಉಳಿದರು. ಅಡುಗೆಮನೆಯಲ್ಲಿ ನನ್ನ ಹತ್ತಿರ ಕುಳಿತು, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ಅಣ್ಣ ಒಬ್ಬರೇ ಅಂತ ಬೇಸರ ಮಾಡಬೇಡಿ. ನನ್ನ ಮಗ, ಸೊಸೆ ಇದ್ದಾರಲ್ಲ ಅಲ್ಲಿ. ಮದುವೆ ಮಾಡಿಸಿದವರನ್ನು ಜಗಲಿಯಲ್ಲಿ ನಿಲ್ಲಿಸುವ ಮಕ್ಕಳಲ್ಲ. ಕರೆದು ಊಟ ಹಾಕ್ತಾರೆ."

ನಾನು ಕಣ್ಣು ಒರೆಸಿಕೊಂಡೆ. "ಇವರಿಗೆ ಬಿ.ಪಿ. ಇತ್ತು ಅಕ್ಕ. ಉಪ್ಪು ಜಾಸ್ತಿ ಆಗಬಾರದು" ಎಂದೆ.

ಲೀಲಕ್ಕ ತಲೆಯಾಡಿಸಿದರು. "ಆಟಿಯಲ್ಲಿ ಮಕ್ಕಳಿಬ್ಬರಿಗೂ ಎಲೆ ಹಾಕಿ ಬಡಿಸ್ತೇನಲ್ಲ, ಆಗ ಸೊಸೆಗೆ ಹೇಳ್ತೇನೆ" ಎಂದರು.